ಆತಕೂರಿನ ಕಾಳಿಗೆ ಎರಡು ಖಂಡುಗ ಮಣ್ಣು, ನಮ್ಮೂರಿನ ನಾಯಿಗೆ?

"ಯಾರ ನಾಯಿ ಇದು?"

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಯಾವ ಊರಿಗೆ ಹೋದರೂ ಗಾಡಿಗೆ ಸಿಕ್ಕು ಬಿದ್ದ ನಾಯಿಯ ಸುತ್ತ ಜನ ಸೇರಿದಾಗ ಮೊದಲು ಕೇಳಿಬರುವ ಮಾತು ಇದು. ಉತ್ತರವೂ ಎಲ್ಲ ಕಡೆ ಒಂದೇ: "ಯಾರದೂ ಅಲ್ರೀ, ಬೀದಿ ನಾಯಿ." ಅದೇ ನಾಯಿ ಒಂದು ಮಗುವಿಗೆ ಕಚ್ಚಿದ ದಿನವೂ ಇದೇ ಪ್ರಶ್ನೆ ಏಳುತ್ತದೆ, ಇದೇ ಉತ್ತರ ಸಿಗುತ್ತದೆ. ಹುಡುಗರು ಒಂದಿಬ್ಬರು ನಾಯಿಯನ್ನು ಗೋಣಿಚೀಲದಲ್ಲಿ ಸುತ್ತಿ ಬೈಕಿನ ಮೇಲೆ ಪಶು ಆಸ್ಪತ್ರೆಗೆ ಒಯ್ಯುತ್ತಾರೆ. ಔಷಧದ ಖರ್ಚು ಅವರ ಜೇಬಿನದು. ವಾಸಿಯಾದ ಮೇಲೆ ನಾಯಿಯನ್ನು ಎಲ್ಲಿ ಬಿಡುವುದು ಎಂಬ ಚಿಂತೆಯೂ ಅವರದೇ.

ನಮ್ಮ ಸೀಮೆಯಲ್ಲಿ ದಯೆಗೆ ಬರವಿಲ್ಲ. ಅದರ ಇತಿಹಾಸವೂ ದೊಡ್ಡದು. ಆದರೆ ಹಳೆಯ ಕಲ್ಲುಗಳನ್ನೂ ಕಾಯ್ದೆಗಳನ್ನೂ ಒಟ್ಟಿಗಿಟ್ಟು ಓದಿದರೆ ಒಂದು ಮಾತು ಹೊಳೆಯುತ್ತದೆ. ಪ್ರಾಣಿ ಬದುಕಿದ್ದು, ಊರು ನೆಮ್ಮದಿಯಾಗಿದ್ದದ್ದು, ಯಾರು ನೋಡಿಕೊಳ್ಳಬೇಕು, ಖರ್ಚು ಎಲ್ಲಿಂದ ಬರಬೇಕು, ತಪ್ಪಿದರೆ ಏನು ಎಂಬುದು ಮೊದಲೇ ಗೊತ್ತಿದ್ದ ಕಡೆ ಮಾತ್ರ.

ಗವಿಮಠದ ಕಲ್ಲು ಹೇಳುವುದೇನು?

ಕೊಪ್ಪಳದಲ್ಲಿ ಅಶೋಕನ ಎರಡು ಕಿರು ಶಿಲಾಶಾಸನಗಳಿವೆ. ಒಂದು ಗವಿಮಠದ ಬೆಟ್ಟದಲ್ಲಿ, ಇನ್ನೊಂದು ಪಾಲ್ಕಿಗುಂಡಿನಲ್ಲಿ. 1931ರಲ್ಲಿ ಬೆಳಕಿಗೆ ಬಂದವು. ಅಶೋಕ ಎಂದಕೂಡಲೇ ಪ್ರಾಣಿದಯೆ ನೆನಪಾಗುವುದರಿಂದ ಈ ಕಲ್ಲಿನ ಮೇಲೂ ಅದೇ ಬರೆದಿದೆ ಎಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ಜೀವಿಗಳ ಬಗ್ಗೆ ದಯೆ ಇರಲಿ ಎಂಬ ಮಾತು ಇರುವುದು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮೊದಲಾದ ಕಡೆಯ ಶಾಸನಗಳಲ್ಲಿ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಟು ಮಾಡಿದ್ದೇನೆ, ಔಷಧದ ಗಿಡ ನೆಡಿಸಿದ್ದೇನೆ ಎಂದು ಅವನು ಹೇಳಿಕೊಂಡಿರುವುದು ಗುಜರಾತಿನ ಗಿರ್ನಾರ್ ಮುಂತಾದ ಕಡೆ ಸಿಕ್ಕಿರುವ ಎರಡನೆಯ ಬೃಹತ್ ಶಾಸನದಲ್ಲಿ.

ನಮ್ಮ ಕಲ್ಲಿನಲ್ಲಿರುವುದು ಪ್ರಯತ್ನದ ಮಾತು. ಉಪಾಸಕನಾಗಿ ಎರಡೂವರೆ ವರ್ಷ ಕಳೆದರೂ ಮೊದಮೊದಲು ತಾನು ಹೆಚ್ಚು ಶ್ರಮಪಡಲಿಲ್ಲ ಎಂದು ಅರಸ ಒಪ್ಪಿಕೊಳ್ಳುತ್ತಾನೆ. ಫಲ ದೊಡ್ಡವರಿಗೆ ಮಾತ್ರ ದಕ್ಕುವಂಥದ್ದಲ್ಲ, ಸಣ್ಣವರೂ ಶ್ರಮಪಟ್ಟರೆ ದಕ್ಕುತ್ತದೆ ಎನ್ನುತ್ತಾನೆ. ಬೈಕಿನ ಮೇಲೆ ನಾಯಿ ಹೊತ್ತೊಯ್ಯುವ ಹುಡುಗರಿಗೆ ಹೇಳಿದಂತಿದೆ.

ಮುಂದೆ ಇದೇ ಊರು ಕೊಪಣ ಎಂಬ ಹೆಸರಿನಲ್ಲಿ ಜೈನರ ಮಹಾತೀರ್ಥವಾಯಿತು. ಇರುವೆಗೂ ನೋವಾಗಬಾರದು ಎಂಬ ಧರ್ಮ ಶತಮಾನಗಳ ಕಾಲ ಇಲ್ಲಿ ಬಾಳಿತು. ದಯೆಯ ಪಾಠ ನಮಗೆ ಹೊಸದಲ್ಲ ಎಂದದ್ದು ಇದಕ್ಕೇ.

ಒಂದು ನಾಯಿಯ ಕಲ್ಲು

ಹೊಣೆಯ ಪಾಠಕ್ಕೆ ಸ್ವಲ್ಪ ದಕ್ಷಿಣಕ್ಕೆ, ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿಗೆ ಹೋಗಬೇಕು. ಕ್ರಿ.ಶ. 949–50ರ ಕಾಲದ ಆ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ ಚೋಳರನ್ನು ತಕ್ಕೋಲದಲ್ಲಿ ಸೋಲಿಸಿದ ಯುದ್ಧದಲ್ಲಿ ಗಂಗ ದೊರೆ ಬೂತುಗನ ಪರ ಹೋರಾಡಿದ ವೀರ ಮಣಲೆರ. ಏನು ಬೇಕು ಕೇಳು ಎಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ದೊರೆಯ ಬೇಟೆನಾಯಿ ಕಾಳಿಯನ್ನು ಕೇಳಿ ಪಡೆದ. ಮುಂದೆ ಬೇಟೆಯೊಂದರಲ್ಲಿ ಕಾಳಿ ದೊಡ್ಡ ಹಂದಿಯೊಂದಿಗೆ ಕಾದಾಡಿತು. ಎರಡೂ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಂತಿತು. ನಾಯಿಯೂ ಹಂದಿಯೂ ಹೋರಾಡುವ ಚಿತ್ರ ಅದರ ಮೇಲಿದೆ.

ಶಾಲೆಯ ಪಾಠದಲ್ಲಿ ಕಥೆ ಇಷ್ಟಕ್ಕೇ ಮುಗಿಯುತ್ತದೆ. ನಮಗೆ ಬೇಕಾದದ್ದು ಅದರ ಮುಂದಿನ ಸಾಲುಗಳು. ಆ ಕಲ್ಲಿನ ಹೆಸರಿಗೆ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣು ಬಿಟ್ಟರು. ಆ ಮಣ್ಣಿಗೆ ಕೈ ಹಾಕಿದವನು ಒಕ್ಕಲಿಗನೇ ಇರಲಿ, ಊರಾಳುವವನೇ ಇರಲಿ, ನಾಡಾಳುವವನೇ ಇರಲಿ, ನಾಯಿಯ ಪಾಪ ಅವನಿಗೆ ಎಂದು ಬರೆದರು. ಸ್ಥಾನ ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಅವನಿಗೂ ಅದೇ ಪಾಪ.

ನೋಡಿ, ಸಾವಿರ ವರ್ಷದ ಹಿಂದೆ ಒಂದು ಸತ್ತ ನಾಯಿಯ ನೆನಪಿಗೆ ಮೂರು ಏರ್ಪಾಟು ಮಾಡಿದ್ದರು. ಖರ್ಚಿಗೆ ಹೊಲ. ನೋಡಿಕೊಳ್ಳಲು ಗೊತ್ತಾದ ಒಬ್ಬ ಮನುಷ್ಯ. ತಪ್ಪಿದರೆ, ನಾಡಾಳುವವನನ್ನೂ ಬಿಡದ ಶಾಪ. ಬದುಕಿರುವ ನಾಯಿಗಳಿಗೆ ಇವತ್ತು ಈ ಮೂರೂ ಒಟ್ಟಿಗೆ ಸಿಗುವುದು ಅಪರೂಪ.

ಗೊರವ, ಕುರಿಗಾರ, ಕೊಂಡವಾಡ

ಗೊರವ ಎಂಬ ಮಾತು ನಮ್ಮ ಕಡೆ ಇನ್ನೂ ಜೀವಂತ. ತುಂಗಭದ್ರೆಯ ಆಚೆ ದಂಡೆಯ ಮೈಲಾರನ ಒಕ್ಕಲು ಈಚೆಯೂ ಬಹಳ. ಗೊರವಯ್ಯಗಳು ನಾಯಿಯಂತೆ ಬೊಗಳಿ ದೋಣಿಯಲ್ಲಿ ಹಾಕಿದ್ದನ್ನು ಉಣ್ಣುವ ಸೇವೆ ಇದೆ. ನಾಯಿ ಮೈಲಾರನ ಸಂಗಾತಿ. ಕುಷ್ಟಗಿ, ಯಲಬುರ್ಗಾದ ಎರಿ ಹೊಲಗಳಲ್ಲಿ ಕುರಿ ತರುಬುವವರ ನಾಯಿಗೆ ಒಡೆಯ ಯಾರು ಎಂದು ಯಾರೂ ಕೇಳಬೇಕಿಲ್ಲ. ಅದು ಹಿಂಡಿನ ಜೊತೆ ಬರುತ್ತದೆ, ಹಿಂಡಿನ ಜೊತೆ ಹೋಗುತ್ತದೆ, ಕುರಿಗಾರನ ರೊಟ್ಟಿಯಲ್ಲಿ ಅದಕ್ಕೆ ಪಾಲಿದೆ.

ದನಗಳಿಗೆ ಊರಿನದೇ ಒಂದು ವ್ಯವಸ್ಥೆ ಇತ್ತು, ಕೊಂಡವಾಡ. ಬೆಳೆ ಮೇಯ್ದ ದನವನ್ನು ಅಲ್ಲಿ ಕೂಡಿಹಾಕುವುದು, ಒಡೆಯ ಬಂದು ದಂಡವನ್ನೂ ಮೇವಿನ ಖರ್ಚನ್ನೂ ಕಟ್ಟಿ ಬಿಡಿಸಿಕೊಳ್ಳುವುದು. ಬಾರದಿದ್ದರೆ ಹರಾಜು. ಬ್ರಿಟಿಷ್ ಇಂಡಿಯಾದಲ್ಲಿ ಇದಕ್ಕೆ 1871ರಲ್ಲಿ ಕಾಯ್ದೆ ಬಂತು. ನಿಜಾಮರ ಆಳಿಕೆಯಲ್ಲಿದ್ದ ನಮ್ಮ ಸೀಮೆ ಆ ಕಾಯ್ದೆಯ ಹೊರಗಿತ್ತು. ಏಕೀಕರಣದ ನಂತರ ಇಡೀ ರಾಜ್ಯಕ್ಕೆ 1966ರ ಜಾನುವಾರು ಅತಿಕ್ರಮ ಕಾಯ್ದೆ ಬಂತು.

1871ರ ಕಾಯ್ದೆಯಲ್ಲಿ ಜಾನುವಾರು ಎಂದರೆ ಯಾವುವು ಎಂಬ ಪಟ್ಟಿ ಇದೆ. ಆನೆ ಇದೆ, ಒಂಟೆ ಇದೆ, ಕತ್ತೆ, ಹಂದಿ, ಕುರಿ, ಆಡು ಇವೆ. ನಾಯಿ ಇಲ್ಲ. ಹೊಲ ಮೇಯುವುದಿಲ್ಲವಲ್ಲ! ಕಂದಾಯದ ಕಣ್ಣಿಗೆ ಬೀಳದ ಪ್ರಾಣಿಗೆ ಕಾಗದದ ಮೇಲೆ ಒಡೆಯನೂ ಇಲ್ಲದಂತಾಯಿತು. ಹಳ್ಳಿಯಲ್ಲಿ ಓಣಿಯ ನಾಯಿಗೆ ಓಣಿಯೇ ಒಡೆಯ. ಹಳ್ಳಿ ಬೆಳೆದು ಪಟ್ಟಣವಾದಾಗ, ಓಣಿಯ ಜನ ಬಾಡಿಗೆ ಮನೆಗಳಲ್ಲಿ ಬದಲಾಗುತ್ತಾ ಹೋದಾಗ, ಆ ಒಡೆತನ ಕರಗಿತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ಪೇಟೆಯಾಗಿ ಬೆಳೆದ ಗಂಗಾವತಿಯಲ್ಲಿ ಇದು ಕಣ್ಣಿಗೆ ಕಾಣುವ ಬದಲಾವಣೆ.

ಕೊಲ್ಲುವುದೋ, ಎಣಿಸುವುದೋ

ಒಡೆಯನಿಲ್ಲದ ನಾಯಿಗೆ ಸರ್ಕಾರಗಳು ಹುಡುಕಿದ ಮೊದಲ ಉಪಾಯ ಕೊಲ್ಲುವುದು. 1832ರಲ್ಲಿ ಮುಂಬೈಯಲ್ಲಿ ಪೊಲೀಸರು ಬೀದಿನಾಯಿಗಳನ್ನು ಕೊಲ್ಲುತ್ತಿದ್ದುದನ್ನು ವಿರೋಧಿಸಿ ಪಾರ್ಸಿಗಳು ಬೀದಿಗಿಳಿದರು, ಗಲಭೆಯೇ ಆಯಿತು. ಆದರೂ ಊರೂರಲ್ಲಿ ಆ ಪದ್ಧತಿ ನಿಲ್ಲಲಿಲ್ಲ. ಜನರ ಭಯಕ್ಕೆ ಕಾರಣವೂ ಇತ್ತು. 1907ರಲ್ಲಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಆರಂಭವಾಗುವವರೆಗೆ ದಕ್ಷಿಣ ಭಾರತದಲ್ಲಿ ಹುಚ್ಚುನಾಯಿ ಕಡಿತಕ್ಕೆ ಅಂಥ ಚಿಕಿತ್ಸಾ ಕೇಂದ್ರವೇ ಇರಲಿಲ್ಲ. ಹೊಟ್ಟೆಯ ಸುತ್ತ ಹದಿನಾಲ್ಕು ಸೂಜಿ ಎಂದು ನಮ್ಮ ಹಿರಿಯರು ಇನ್ನೂ ಹೆದರಿಸುವುದು ಆ ಹಳೆಯ ಲಸಿಕೆಯನ್ನೇ. ಅದು ನಮ್ಮ ದೇಶದಲ್ಲಿ 2004ರ ಕೊನೆಗೆ ನಿಂತಿತು.

ಕೊಂದರೂ ನಾಯಿ ಕಡಿಮೆಯಾಗಲಿಲ್ಲ. ಖಾಲಿಯಾದ ಜಾಗಕ್ಕೆ ಪಕ್ಕದ ಓಣಿಯವು ಬಂದವು, ಮರಿ ಹಾಕಿದವು. ಚೆನ್ನೈನ ಬ್ಲೂ ಕ್ರಾಸ್ 1960ರ ದಶಕದಲ್ಲೇ ಸಂತಾನಹರಣವೇ ದಾರಿ ಎಂದು ಹೇಳತೊಡಗಿತು. ಅಲ್ಲಿನ ಪಾಲಿಕೆ ಒಪ್ಪಿದ್ದು 1996ರಲ್ಲಿ. ಬೆಂಗಳೂರಿನಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ವೃದ್ಧೆ 1991ರಲ್ಲಿ ಕೂಪಾ ಸಂಸ್ಥೆ ಕಟ್ಟಿದರು. 2001ರಲ್ಲಿ ಕೇಂದ್ರದ ನಿಯಮ ಬಂತು. ಈಗ ಜಾರಿಯಲ್ಲಿರುವುದು 2023ರ ನಿಯಮಗಳು. ಬೀದಿನಾಯಿಯ ಸಂತಾನಹರಣ, ಲಸಿಕೆ ಸ್ಥಳೀಯ ಸಂಸ್ಥೆಯ ಹೊಣೆ. ಸಾಕಿದ ನಾಯಿಯ ಲಸಿಕೆ, ಜಂತುನಾಶಕ, ಸಂತಾನಹರಣ ಸಾಕಿದವನ ಹೊಣೆ. ಹೀಗೆ "ಯಾರ ನಾಯಿ" ಎಂಬ ಪ್ರಶ್ನೆಗೆ ಕಾನೂನು ಕಡೆಗೂ ಉತ್ತರ ಕೊಟ್ಟಿದೆ. ಬೀದಿಯದಾದರೆ ನಗರಸಭೆಯದು, ಮನೆಯದಾದರೆ ನಿಮ್ಮದು.

ಆದರೆ ಆತಕೂರಿನ ಶಾಪದಷ್ಟು ಬಲ ಇದಕ್ಕಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ರುಕ್ಮಿಣಿ ದೇವಿ ಅರುಂಡೇಲ್ ಅವರ ಹಟದಿಂದ ಬಂದದ್ದು. ಅದರ ಪ್ರಕಾರ ಸಾಕಿದ ಪ್ರಾಣಿಗೆ ಅನ್ನ ನೀರು ಕೊಡದಿರುವುದು, ಹಸಿದು ಸಾಯುವಂತೆ ಬಿಟ್ಟುಹೋಗುವುದು ಅಪರಾಧ. ಮೊದಲ ಸಲಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಆಗ ಅದು ದೊಡ್ಡ ಮೊತ್ತ. ಈಗ ಎರಡು ಚಹಾ, ಒಂದು ಪ್ಲೇಟ್ ಮಿರ್ಚಿಯ ಬೆಲೆ.

ಮರಿ ಮುದ್ದು, ನಾಯಿ ಬೀದಿಗೆ

ನಮ್ಮ ಪಕ್ಕದ ಮುಧೋಳದ ಬೇಟೆನಾಯಿ 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು. ಮುಂದೆ ಸೇನೆಗೂ ಹೋಯಿತು. ಹೆಮ್ಮೆಯ ವಿಷಯ. ಹೆಮ್ಮೆಯಿಂದಲೇ ಮರಿ ಕೊಳ್ಳುವವರೂ ಹೆಚ್ಚಾದರು. ಎರಿ ಬಯಲಿನಲ್ಲಿ ಓಡಲು ಹುಟ್ಟಿದ ಪ್ರಾಣಿಯನ್ನು ಹತ್ತಡಿ ಅಂಗಳದಲ್ಲಿ ಕಟ್ಟಿದರೆ ಅದು ರಂಪ ಮಾಡದೆ ಏನು ಮಾಡೀತು? ಪೇಟೆಯ ದುಬಾರಿ ತಳಿಗಳ ಕಥೆಯೂ ಬೇರೆಯಲ್ಲ. ಬೇಸರವಾದ ದಿನ ಊರ ಹೊರಗೆ, ಹೆದ್ದಾರಿಯ ಬದಿಗೆ ಬಿಟ್ಟು ಬರುವುದು. ಹೆಣ್ಣುಮರಿಗಳಾದರೆ ಕಣ್ಣು ಬಿಡುವ ಮುಂಚೆಯೇ ತಿಪ್ಪೆಗೆ. ಬೀದಿನಾಯಿಯ ಸಮಸ್ಯೆಯ ಒಂದು ಪಾಲು ಹೀಗೆ ನಮ್ಮ ಮನೆಯ ಬಾಗಿಲಿಂದಲೇ ಹೊರಡುತ್ತದೆ.

ಅದರ ಬಿಸಿ ಊರಿಗಷ್ಟೇ ತಟ್ಟುವುದಿಲ್ಲ. ಗಂಗಾವತಿ ತಾಲೂಕಿನ ಬಂಕಾಪುರದ ಕುರುಚಲು ಕಾಡು, ಸುಮಾರು 332 ಹೆಕ್ಟೇರ್, ಈಗ ತೋಳಗಳ ವನ್ಯಜೀವಿಧಾಮ. ಅಲೆಮಾರಿ ನಾಯಿಗಳಿಂದ ತೋಳಕ್ಕೆ ರೇಬಿಸ್, ಡಿಸ್ಟೆಂಪರ್ ತಗಲಬಹುದು. ನಾಯಿಯೊಂದಿಗೆ ಕೂಡಿ ತಳಿಯೇ ಕೆಡಬಹುದು. ಲಸಿಕೆ ಕಾಣದ ಒಂದು ಸಾಕುನಾಯಿಯನ್ನು ಅಲ್ಲಿ ಬಿಟ್ಟು ಬಂದರೆ ಏನಾದೀತು, ಯೋಚಿಸಿ.

ಮೂರು ಪ್ರಶ್ನೆ

ಕೊಪ್ಪಳ, ಗಂಗಾವತಿಯಲ್ಲಿ ನಗರಸಭೆ ಇದೆ, ಕುಷ್ಟಗಿಯಲ್ಲಿ ಪುರಸಭೆ, ಯಲಬುರ್ಗಾದಲ್ಲಿ ಪಟ್ಟಣ ಪಂಚಾಯಿತಿ. ಪ್ರಾಣಿ ಹಿಂಸೆ ತಡೆಯುವುದು ಸಂವಿಧಾನದ ಹನ್ನೆರಡನೆಯ ಅನುಸೂಚಿಯ ಪ್ರಕಾರ ಪಟ್ಟಣ ಆಡಳಿತದ ಕೆಲಸಗಳ ಪಟ್ಟಿಯಲ್ಲೇ ಇದೆ. ಪ್ರತಿ ಜಿಲ್ಲೆಗೂ ಪ್ರಾಣಿದಯಾ ಸಂಘ ಇರಬೇಕೆಂದು 2001ರ ನಿಯಮ ಹೇಳುತ್ತದೆ. ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು. ಬಜೆಟ್ ಸಭೆಗೆ ಮುಂಚೆ ನಿಮ್ಮ ವಾರ್ಡಿನ ಸದಸ್ಯರನ್ನು ಆತಕೂರಿನ ಮೂರು ಪ್ರಶ್ನೆ ಕೇಳಿ. ನಾಯಿಗಳ ಸಂತಾನಹರಣಕ್ಕೆ, ಲಸಿಕೆಗೆ ಎಷ್ಟು ಹಣ ಇಟ್ಟಿದ್ದೀರಿ? ಅದನ್ನು ನೋಡಿಕೊಳ್ಳುವ ಅಧಿಕಾರಿಯ ಹೆಸರೇನು? ಕೆಲಸ ಆಗದಿದ್ದರೆ ಯಾರನ್ನು ಕೇಳಬೇಕು?

ಮನೆಯಲ್ಲಿ ನಾಯಿ ಇದ್ದವರಿಗೂ ಅವೇ ಪ್ರಶ್ನೆ. ಮರಿಗೆ ಮೂರು ತಿಂಗಳಾದಾಗ ರೇಬಿಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ಮರಿ ಬೇಡವಾದರೆ ಸಂತಾನಹರಣ. ಕಚ್ಚಿಸಿಕೊಂಡವರು ಸುಣ್ಣ, ಖಾರದಪುಡಿ ಹಚ್ಚದೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ಗಾಯ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆಂಬಷ್ಟು ಅಪರೂಪ. ಜಾನುವಾರು ಅಪಾಯದಲ್ಲಿದ್ದರೆ ಪಶು ಸಂಜೀವಿನಿಯ 1962ಕ್ಕೆ ಫೋನ್ ಮಾಡಬಹುದು.

ಬೈಕಿನ ಹುಡುಗರನ್ನು ಹೊಗಳುವುದು ಸುಲಭ. ಅವರು ಕೇಳುತ್ತಿರುವುದು ಔಷಧದ ಬಿಲ್ಲು, ಗಾಯ ಮಾಯುವವರೆಗೆ ನಾಯಿ ಕಟ್ಟಲು ಒಂದು ನೆರಳಿನ ಜಾಗ, ರಾತ್ರಿ ಫೋನ್ ಎತ್ತುವ ಒಬ್ಬ ವೈದ್ಯರು. ಎರಡು ಖಂಡುಗ ಮಣ್ಣಿಗಿಂತ ಇದೇನೂ ಹೆಚ್ಚಲ್ಲ.