ಹೊಸ ವಿಂಡೋಸ್ ಬಂತು, ಕನ್ನಡ ಎಲ್ಲಿ ಹೋಯ್ತು?

ಇವತ್ತಿನ ಸಂಚಿಕೆ ಒಂದು ಕಿರಿಕಿರಿಯ ಚರಿತ್ರೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗೀತು. ಕೆಲವರು ವಿಂಡೋಸ್ 11 ಹಾಕ್ಕೊಂಡ್ರು, ಹಳೇ ಲ್ಯಾಪ್‌ಟಾಪ್ ಇದ್ದವರಲ್ಲಿ ಕೆಲವರು ಲಿನಕ್ಸ್ ಕಡೆ ಹೋದ್ರು. ಹೊಸ ಸಿಸ್ಟಮ್‌ನಲ್ಲಿ ಅದೇ ಬ್ರೌಸರ್, ಅದೇ ವೆಬ್ ಆ್ಯಪ್, ಅದೇ ಪಾಸ್‌ವರ್ಡ್. ಆದ್ರೆ ಕನ್ನಡ ಮಾತ್ರ ನಿನ್ನೆ ಇದ್ದ ಹಾಗೆ ಇಲ್ಲ. ಒಂದು ಕಡೆ ಖಾಲಿ ಚೌಕಗಳು. ಇನ್ನೊಂದು ಕಡೆ ಒತ್ತಕ್ಷರದ ಕಾಲು ಕತ್ತರಿಸಿದ ಹಾಗೆ. ಮತ್ತೊಂದು ಕಡೆ ಅಕ್ಷರ ಚಂದವಾಗೇ ಉಂಟು, ಹುಡುಕಿದ್ರೆ ಮಾತ್ರ 'ಈ ಹೆಸರು ಸಿಗಲಿಲ್ಲ' ಅನ್ನುತ್ತೆ. ಕ್ಯಾಶೆ ಅಳಿಸಿ, ರೀಸ್ಟಾರ್ಟ್ ಮಾಡಿ ಅಂತ ಎಲ್ಲರೂ ಸಲಹೆ ಕೊಡ್ತಾರೆ. ಮಾಡಿ ನೋಡಿ, ತಪ್ಪೇನಿಲ್ಲ. ಆದ್ರೆ ಈ ಕಾಯಿಲೆಗೆ ಮೂವತ್ತು ವರ್ಷ ವಯಸ್ಸು, ಅದು ಕ್ಯಾಶೆಯಲ್ಲಿ ಇಲ್ಲ.

ಎಲ್ಲಿಂದ ಶುರು ಮಾಡೋಣ? ತೋಡಾರಿನಿಂದ. ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿರುವ ಊರು. ಎಂಜಿನಿಯರಿಂಗ್ ಕಾಲೇಜು ಇರುವುದರಿಂದ ಕೋಡ್ ಬರೆಯುವ ಹುಡುಗ ಹುಡುಗಿಯರಿಗೆ ಇಲ್ಲಿ ಬರ ಇಲ್ಲ. ಆ ಊರಿನ ಹೆಸರನ್ನೇ ಒಮ್ಮೆ ನೋಡಿ: ತೋ, ಡಾ, ರು. ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರ್‌ಗೆ ಅದು ಆರು ಸಂಖ್ಯೆ ಆಗಬಹುದು, ಎಂಟೂ ಆಗಬಹುದು. ಹೇಗೆ ಅನ್ನೋದನ್ನ ಆಮೇಲೆ ಹೇಳ್ತೇನೆ. ಅದಕ್ಕೆ ಮೊದಲು ಸ್ವಲ್ಪ ಹಿಂದೆ ಹೋಗಬೇಕು.

1990ರ ದಶಕದ ಕಂಪ್ಯೂಟರ್ ಅಂದ್ರೆ 256 ಸೀಟಿನ ಬಸ್ ಅಂತ ಇಟ್ಕೊಳ್ಳಿ. ಮುಂದಿನ ಅರ್ಧ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಿಗೆ. ಹಿಂದಿನ ಅರ್ಧ ಯುರೋಪಿನ ಬೇರೆ ಭಾಷೆಗಳಿಗೆ. ಕನ್ನಡಕ್ಕೆ ಒಂದೂ ಸೀಟಿಲ್ಲ. ಆಗ ನಮ್ಮವರು ಏನ್ ಮಾಡಿದ್ರು ಅಂದ್ರೆ, ಸೀಟಿನ ಸಂಖ್ಯೆ ಹಾಗೇ ಬಿಟ್ಟು, ಕೂತವರ ಮುಖಕ್ಕೆ ಕನ್ನಡದ ವೇಷ ಹಾಕಿದ್ರು. ಆ ವೇಷವೇ ಫಾಂಟ್. ನುಡಿಯ ಹಳೇ ಫಾಂಟಿನಲ್ಲಿ 'ಕನ್ನಡ' ಅಂತ ಟೈಪ್ ಮಾಡಿದ್ರೆ ಒಳಗೆ ಕೂತಿರೋದು ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆ ಇರುವ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ನರು ಬಳಸುವ ಒಂದು ವಿಚಿತ್ರ ಎಸ್, ಆಮೇಲೆ ಕ್ಯೂ, ಕೊನೆಗೆ ಇನ್ನೊಂದು ಎ. ಹೌದು, ನಮ್ಮ 'ನ' ಅಲ್ಲಿ ಪೌಂಡಿನ ಸೀಟಲ್ಲಿ ಕೂತಿತ್ತು! ಫಾಂಟ್ ಇದ್ದಷ್ಟು ದಿನ ಕನ್ನಡ. ಹೊಸ ಸಿಸ್ಟಮ್ ಹಾಕಿ ಫಾಂಟ್ ಹಾಕೋಕೆ ಮರೆತ್ರೆ ವೇಷ ಕಳಚಿ ಪಿ, ಎ, ಪೌಂಡು ಹೊರಗೆ ಬರ್ತವೆ.

ಇದನ್ನ ದಡ್ಡತನ ಅಂತ ನಗಬೇಡಿ. ಆ ಕಾಲಕ್ಕೆ ಅದು ಬಹಳ ಜಾಣ ಉಪಾಯ. ಅದರ ಹಿಂದೆ ನಮ್ಮ ಕರಾವಳಿಯ ತಲೆಗಳೂ ಇವೆ. ತೋಡಾರಿನ ಅದೇ ರಸ್ತೆಯಲ್ಲಿ ಮಂಗಳೂರಿನ ಕಡೆ ಬಂದ್ರೆ ಗುರುಪುರ ಕೈಕಂಬ. ಅದರ ಆಸುಪಾಸಿನ ಕಿನ್ನಿಕಂಬಳದವರು ಕೆ.ಪಿ. ರಾವ್, ಕಿನ್ನಿಕಂಬಳ ಪದ್ಮನಾಭ ರಾವ್. ಇಂಗ್ಲಿಷ್ ಕೀಬೋರ್ಡಿನ ಮೇಲೇ ಉಚ್ಚಾರಣೆಗೆ ತಕ್ಕಂತೆ ಕನ್ನಡ ಟೈಪ್ ಮಾಡುವ ವಿನ್ಯಾಸ ಅವರದ್ದು. 'ಕೆ' ಒತ್ತಿದ್ರೆ ಕ, ಶಿಫ್ಟ್ ಜೊತೆ ಒತ್ತಿದ್ರೆ ಖ, ಒತ್ತಕ್ಷರ ಬೇಕಿದ್ದರೆ ನಡುವೆ 'ಎಫ್'. ತಮ್ಮ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು 'ಸೇಡಿಯಾಪು'. ಕನ್ನಡದ ಛಂದಸ್ಸು, ವ್ಯಾಕರಣದ ಮೇಲೆ ಕೆಲಸ ಮಾಡಿದ ದಕ್ಷಿಣ ಕನ್ನಡದ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರು ಅದು. ಅದನ್ನ ರಾವ್ ಉಚಿತವಾಗಿ ಕೊಟ್ರು. ಮುಂದೆ ರಾಜ್ಯ ಸರ್ಕಾರ ಒಪ್ಪಿಕೊಂಡ ಕೀಬೋರ್ಡ್ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ಬಂದದ್ದು, ಇದೇ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಡಿಟಿಪಿ ಅಂಗಡಿಗಳಲ್ಲಿ ಶ್ರೀಲಿಪಿ ಇತ್ತು, ಅದರ ಸೀಟಿನ ಲೆಕ್ಕವೇ ಬೇರೆ.

ವೆಬ್‌ಗೆ ಬಂದಾಗ ಕಷ್ಟ ದುಪ್ಪಟ್ಟಾಯ್ತು. ಕನ್ನಡದ ಮೊದಲ ಅಂತರಜಾಲ ಪತ್ರಿಕೆ ವಿಶ್ವ ಕನ್ನಡವನ್ನ ಯು.ಬಿ. ಪವನಜ ಶುರು ಮಾಡಿದ್ದು 1996ರಲ್ಲಿ. ಆಗ ಓದುಗನ ಮನೆಯ ಕಂಪ್ಯೂಟರಲ್ಲಿ ನಮ್ಮ ಫಾಂಟ್ ಇರುತ್ತೆ ಅಂತ ಹೇಗೆ ನಂಬೋದು? ಅದಕ್ಕೆ ಡೈನಮಿಕ್ ಫಾಂಟ್ ಅನ್ನೋ ಉಪಾಯ ಬಂತು: ಪುಟ ತೆರೆದಾಗ ಫಾಂಟ್ ತಾನಾಗೇ ಇಳಿಯುತ್ತೆ. ಆದ್ರೆ ಮೈಕ್ರೋಸಾಫ್ಟಿನ ಬಗೆಯದ್ದು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ನಡೀತಿತ್ತು. ನೀವು ಲಿನಕ್ಸ್‌ಗೆ ಹೋದ್ರೋ, ಫೈರ್‌ಫಾಕ್ಸ್ ತೆರೆದ್ರೋ, ಮತ್ತೆ ಪಿ, ಎ, ಪೌಂಡು. 'ಸಿಸ್ಟಮ್ ಬದಲಿಸಿದೆ, ವೆಬ್‌ಸೈಟ್ ಕೆಟ್ಟಿತು' ಅನ್ನೋ ದೂರು ಹೊಸತಲ್ಲ, ಮಾರಾಯ್ರೆ. ಆಗಲೂ ಕೆಟ್ಟದ್ದು ವೆಬ್‌ಸೈಟ್ ಅಲ್ಲ. ಕನ್ನಡ ಅದರಲ್ಲಿ ಮೊದಲಿಂದಲೂ ಇರಲೇ ಇಲ್ಲ, ನಿಮ್ಮ ಹಳೇ ಯಂತ್ರದಲ್ಲಿ ಇತ್ತು.

ಇದಕ್ಕೆ ಮದ್ದು ಯೂನಿಕೋಡ್. ಪ್ರಪಂಚದ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಅಂದ್ರೆ ವಿಶ್ವ ಕನ್ನಡಕ್ಕೆ ಐದು ವರ್ಷ ಮೊದಲೇ ಸೀಟು ಬುಕ್ ಆಗಿತ್ತು, ಬಸ್ ಮಾತ್ರ ಬಂದಿರಲಿಲ್ಲ. ಯಾಕಂದ್ರೆ ಸಂಖ್ಯೆ ಇದ್ರೆ ಸಾಲದು. ಸ, ತ, ರ ಮತ್ತು ಅವುಗಳ ನಡುವಿನ ಹಲಂತಗಳನ್ನ ಸೇರಿಸಿ 'ಸ್ತ್ರ' ಅಂತ ಚಿತ್ರ ಬಿಡಿಸುವ ಒಂದು ಯಂತ್ರ ಸಿಸ್ಟಮ್ ಒಳಗೆ ಬೇಕು. ವಿಂಡೋಸ್‌ನಲ್ಲಿ ಕನ್ನಡಕ್ಕೆ ಅದು ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಅನ್ನೋ ಫಾಂಟ್ ಜೊತೆ. ಅದೂ ತಾನಾಗಿ ಅಲ್ಲ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, 'ಸಂಕೀರ್ಣ ಲಿಪಿ'ಗಳ ಎದುರು ಟಿಕ್ ಹಾಕಿ, ಎಕ್ಸ್‌ಪಿಯ ಸಿ.ಡಿ. ಒಳಗೆ ಹಾಕಬೇಕಿತ್ತು. ಸಿ.ಡಿ. ಯಾರ ಹತ್ರ ಇತ್ತು ಹೇಳಿ!

ಮೊಬೈಲ್ ಕಥೆಯೂ ಹೀಗೇ. ಆಂಡ್ರಾಯ್ಡ್‌ಗೆ ಕನ್ನಡದ ಬೆಂಬಲ ಬಂದದ್ದು 2012ರ 4.1 ಆವೃತ್ತಿಯಲ್ಲಿ. ಅದಕ್ಕೆ ಮೊದಲು ಕನ್ನಡ ಸುದ್ದಿ ಓದೋಕೆ ಒಪೇರಾ ಮಿನಿಯ ಅಡ್ರೆಸ್ ಜಾಗದಲ್ಲಿ 'ಒಪೇರಾ ಕಾನ್ಫಿಗ್' ಅಂತ ಹೊಡೆದು, ಒಂದು ಸೆಟ್ಟಿಂಗ್ ಬದಲಿಸ್ತಿದ್ರು. ಆಗ ಅವರ ಸರ್ವರ್ ಅಕ್ಷರಗಳನ್ನ ಚಿತ್ರ ಮಾಡಿ ಕಳಿಸ್ತಿತ್ತು. ನಿಮ್ಮ ಅಣ್ಣನನ್ನೋ ಅಕ್ಕನನ್ನೋ ಕೇಳಿ, ನೆನಪಿರುತ್ತೆ.

ಈಗ ವಾಪಸ್ ಇವತ್ತಿಗೆ. ಚೌಕ ಕಂಡ್ರೆ ಸಂಖ್ಯೆ ಸರಿ ಉಂಟು, ಫಾಂಟ್ ಇಲ್ಲ ಅಂತ ಅರ್ಥ. ಈ ಚೌಕಕ್ಕೆ ಎಂಜಿನಿಯರ್‌ಗಳ ಅಡ್ಡಹೆಸರು ತೋಫು. 'ತೋಫು ಬೇಡ' ಅಂತಲೇ ಗೂಗಲ್ ತನ್ನ ಫಾಂಟ್ ಕುಟುಂಬಕ್ಕೆ ನೋಟೋ ಅಂತ ಹೆಸರಿಟ್ಟದ್ದು. ಲಿನಕ್ಸ್‌ನಲ್ಲಿ ನೋಟೋ ಸಾನ್ಸ್ ಕನ್ನಡ ಹಾಕಿದ್ರೆ ಕೆಲಸ ಮುಗೀತು. ಒತ್ತಿನ ಕಾಲು ಕತ್ತರಿಸಿದ ಹಾಗೆ ಕಂಡ್ರೆ ಫಾಂಟ್ ಬದಲಾಗಿರಬಹುದು: ವಿಂಡೋಸ್ 10ರಿಂದ ತುಂಗಾ ಐಚ್ಛಿಕ ಆಯ್ತು, ಅದರ ಜಾಗದಲ್ಲಿ ನಿರ್ಮಲಾ ಯುಐ. ಯಾರೋ ತುಂಗಾದ ಅಳತೆಗೆ ಹೊಲಿದ ಬಟನ್ ನಿರ್ಮಲಾಗೆ ಬಿಗಿ. ಸೆಟ್ಟಿಂಗ್ಸ್‌ನ ಐಚ್ಛಿಕ ಸೌಲಭ್ಯಗಳಲ್ಲಿ ಕನ್ನಡದ ಹೆಚ್ಚುವರಿ ಫಾಂಟ್ ಸಿಗುತ್ತೆ. ಒತ್ತಕ್ಷರ ಪೂರ್ತಿ ಬಿಡಿಬಿಡಿಯಾಗೋದು ಈಗ ಅಪರೂಪ. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಎಲ್ಲವೂ ಹಾರ್ಫ್‌ಬಝ್ ಅನ್ನೋ ಒಂದೇ ಮುಕ್ತ ತಂತ್ರಾಂಶದಿಂದ ಅಕ್ಷರ ಜೋಡಿಸ್ತವೆ. ಆಪಲ್‌ನ ಸಫಾರಿ ಮಾತ್ರ ತನ್ನದೇ ದಾರಿ ಹಿಡಿದಿದೆ.

ಇವೆಲ್ಲ ಕಣ್ಣಿಗೆ ಕಾಣುವ ಕಾಯಿಲೆ. ನನಗೆ ಹೆಚ್ಚು ಹೆದರಿಕೆ ಕಾಣದೇ ಇರೋದರ ಬಗ್ಗೆ. ಈಗ ತೋಡಾರಿನ ಲೆಕ್ಕ ಬಿಡಿಸೋಣ.

'ತೋ'ದ ದೀರ್ಘ ಓಕಾರಕ್ಕೆ ಯೂನಿಕೋಡ್‌ನಲ್ಲಿ ಒಂದೇ ಸಂಖ್ಯೆ ಉಂಟು. ಜೊತೆಗೆ ಅದನ್ನೇ ಮೂರು ತುಂಡಾಗಿಯೂ ಬರೀಬಹುದು: ಎತ್ವ, ಊಕಾರದ ಕೊಂಬು, ದೀರ್ಘದ ಗುರುತು. ಶಾಲೆಯಲ್ಲಿ ಸ್ಲೇಟಿನ ಮೇಲೆ ಬರೆದದ್ದೂ ಹಾಗೇ ಅಲ್ವಾ? ಒಂದೇ ಸಂಖ್ಯೆ ಬಳಸಿದ್ರೆ ಊರಿನ ಹೆಸರು ಆರು, ತುಂಡು ಮಾಡಿದ್ರೆ ಎಂಟು. ಪರದೆ ಮೇಲೆ ಎರಡೂ ಪಡಿಯಚ್ಚು. ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿಗೆ ಈ ತೊಂದರೆ ಇಲ್ಲ, ಆ ಹೆಸರುಗಳಲ್ಲಿ ಹೀಗೆ ಒಡೆಯುವ ಸ್ವರಚಿಹ್ನೆಯೇ ಇಲ್ಲ. ತೋಡಾರಿಗೆ ಮಾತ್ರ ಈ ಭಾಗ್ಯ!

ಇದು ಯಾವಾಗ ಕೈಕೊಡುತ್ತೆ? ಮ್ಯಾಕ್‌ನ ಹಳೇ ಕಡತ ವ್ಯವಸ್ಥೆ ಫೈಲಿನ ಹೆಸರನ್ನ ತುಂಡು ಮಾಡಿಯೇ ಇಡ್ತಿತ್ತು. ಅಲ್ಲಿಂದ 'ತೋಡಾರು' ಅನ್ನೋ ಫೈಲ್ ವಿಂಡೋಸ್‌ಗೋ ಲಿನಕ್ಸ್‌ಗೋ ಬಂತು ಅಂದ್ರೆ ಎಂಟು ಸಂಖ್ಯೆಯ ಹೆಸರು. ನೀವು ಹೊಸ ಕೀಬೋರ್ಡಲ್ಲಿ ಹೊಡೆಯೋದು ಆರು. ಎರಡನ್ನೂ ಸಂಖ್ಯೆಯಾಗಿ ಹೋಲಿಸುವ ವೆಬ್ ಆ್ಯಪ್ 'ಇಂಥ ಫೈಲ್ ಇಲ್ಲ' ಅನ್ನುತ್ತೆ. ಹಳೇ ಫಾಂಟಿನ ಬರಹವನ್ನ ಯೂನಿಕೋಡ್‌ಗೆ ತರುವ ಪರಿವರ್ತಕ ಅವಸರದಲ್ಲಿ ಬರೆದದ್ದಾದ್ರೂ ಇದೇ ಗತಿ. ಇದಕ್ಕೆ ಮದ್ದು ಸಣ್ಣದು. 2015ರಿಂದ ಜಾವಾಸ್ಕ್ರಿಪ್ಟ್‌ನಲ್ಲಿ ನಾರ್ಮಲೈಸ್ ಅನ್ನೋ ಸೌಲಭ್ಯ ಉಂಟು, ತುಂಡುಗಳನ್ನ ಸೇರಿಸಿ ಒಂದೇ ರೂಪಕ್ಕೆ ತರುತ್ತೆ. ಒಂದು ಸಾಲಿನ ಕೆಲಸ. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷೆ ಮಾಡಿ ಬಿಡುವವರಿಗೆ ಅದು ಬೇಕು ಅಂತ ಹೊಳೆಯೋದೇ ಇಲ್ಲ.

ಆದ್ರೆ ಅದೂ ಎಲ್ಲವನ್ನೂ ಗುಣ ಮಾಡಲ್ಲ. 'ರಾಜ್‌ಕುಮಾರ್' ಅಂತ ಬರೆಯುವಾಗ ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಒಂದು ಸಂಖ್ಯೆ ಕೂತಿರುತ್ತೆ, ಒತ್ತಕ್ಷರ ಆಗದ ಹಾಗೆ ತಡೆಯೋಕೆ. ಅದಿಲ್ಲದಿದ್ರೆ 'ರಾಜ್ಕುಮಾರ್'. ಒಂದು ಫೋನಿನ ಕೀಬೋರ್ಡ್ ಅದನ್ನ ಹಾಕುತ್ತೆ, ಇನ್ನೊಂದು ಹಾಕಲ್ಲ. 'ರ‍್ಯಾಂಕ್' ಇನ್ನೂ ಕಷ್ಟ, ಅಲ್ಲಿ ಕಾಣದ ಸಂಖ್ಯೆ ಹಲಂತದ ಮುಂಚೆಯೋ ಆಮೇಲೋ ಅನ್ನೋದರಲ್ಲೇ ಎರಡು ಪದ್ಧತಿ ಚಲಾವಣೆಯಲ್ಲಿವೆ. ನಾರ್ಮಲೈಸ್ ಇವನ್ನ ಮುಟ್ಟಲ್ಲ. ಹೋಲಿಸುವ ಮೊದಲು ಪ್ರೋಗ್ರಾಮರ್ ತಾನೇ ಅವನ್ನ ಬದಿಗಿಡಬೇಕು. ಸಿನಿಮಾ ಹುಡುಕುವಾಗ ಇದು ತಮಾಷೆ. ಅರ್ಜಿಯಲ್ಲಿ ಕನ್ನಡದ ಹೆಸರು ಇನ್ನೊಂದು ದಾಖಲೆಯ ಹೆಸರಿಗೆ ತಾಳೆ ಆಗಬೇಕಾದಾಗ ತಮಾಷೆ ಅಲ್ಲ. ಕೌಂಟರ್ ಆಚೆಯವರಿಗೂ ಈಚೆಯವರಿಗೂ ಎರಡೂ ಹೆಸರು ಒಂದೇ ಥರ ಕಾಣ್ತವೆ, ಇಬ್ಬರೂ ಸರಿ, ಅರ್ಜಿ ಮಾತ್ರ ಮುಂದೆ ಹೋಗಲ್ಲ.

ಹಳೇ ಫೈಲುಗಳ ಮಾತು ಉಳೀತು. ಮನೆಯಲ್ಲಿ ಅಜ್ಜ ಟೈಪ್ ಮಾಡಿಸಿದ ಕುಟುಂಬದ ವಂಶಾವಳಿ ಇರಬಹುದು, ಯಕ್ಷಗಾನದ ಪ್ರಸಂಗ ಇರಬಹುದು. ತೆರೆದಾಗ ಪಿ, ಎ, ಪೌಂಡು ಕಂಡ್ರೆ ಕೆಟ್ಟ ಫೈಲ್ ಅಂತ ಅಳಿಸಬೇಡಿ, ಅದರೊಳಗೆ ಎಲ್ಲ ಉಂಟು. ಯಾವ ಫಾಂಟ್ ಅಂತ ನೋಡಿ, ಅದಕ್ಕೆ ತಕ್ಕ ಪರಿವರ್ತಕ ಬಳಸಿ. ನುಡಿಯದ್ದು ಶ್ರೀಲಿಪಿಗೆ ನಡೆಯಲ್ಲ. ಪರಿವರ್ತನೆ ಆದ ಮೇಲೂ ಮೂಲ ಫೈಲ್ ಇಟ್ಕೊಳ್ಳಿ.

ತೋಡಾರಿನ ಪಕ್ಕದ ಮೂಡುಬಿದಿರೆಯ ಜೈನ ಮಠಕ್ಕೆ ಈ ಕೆಲಸ ಹೊಸದಲ್ಲ. ಧವಲ ಗ್ರಂಥಗಳ ತಾಳೆಗರಿ ಪ್ರತಿಗಳು ಉಳಿದದ್ದು ಅಲ್ಲಿ. ಭಾಷೆ ಪ್ರಾಕೃತ, ಲಿಪಿ ಹಳಗನ್ನಡ. ಭಾಷೆ ಬಲ್ಲ ಉತ್ತರದ ಪಂಡಿತರಿಗೆ ಲಿಪಿ ಬರಲ್ಲ, ಲಿಪಿ ಓದಬಲ್ಲವರೆಲ್ಲರಿಗೆ ಭಾಷೆ ಬರಲ್ಲ. ಕೈಯಲ್ಲೇ ಬೇರೆ ಲಿಪಿಗೆ ಪ್ರತಿ ಮಾಡಿ, 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಅಚ್ಚಿಗೆ ತಂದ್ರು. ಅಚ್ಚಾಯ್ತು ಅಂತ ಗರಿಗಳನ್ನ ಯಾರೂ ಬಿಸಾಡಲಿಲ್ಲ. ಪಾಠದಲ್ಲಿ ಅನುಮಾನ ಬಂದಾಗ ಮತ್ತೆ ನೋಡೋಕೆ ಅವೇ ಇದ್ದದ್ದು.

ಇನ್ನೊಂದು ವಿಷಯ ಹೇಳಿ ನಿಲ್ಲಿಸ್ತೇನೆ. ತುಳು ತಿಗಳಾರಿ ಲಿಪಿ 2024ರ ಸೆಪ್ಟೆಂಬರ್‌ನಲ್ಲಿ ಯೂನಿಕೋಡ್ 16ರ ಜೊತೆ ಪಟ್ಟಿಗೆ ಸೇರಿತು. ಕನ್ನಡ 1991ರಲ್ಲಿ ಇದ್ದ ಜಾಗದಲ್ಲಿ ಅದು ಈಗ ಇದೆ: ಸಂಖ್ಯೆ ಸಿಕ್ಕಿದೆ, ಹಳೇ ಫೋನಿನಲ್ಲಿ ಇನ್ನೂ ಚೌಕವೇ. ಅಷ್ಟರಲ್ಲಿ ಕನ್ನಡದ ಸಂಖ್ಯೆಗಳ ಮೇಲೇ ತುಳು ಅಕ್ಷರದ ವೇಷ ಹಾಕಿದ ಫಾಂಟ್‌ಗಳು ಓಡಾಡ್ತಿವೆ. ಅದರಲ್ಲಿ ತುಳು ಲಿಪಿಯ ಬರಹ ಟೈಪ್ ಮಾಡಿ ಇಟ್ಟವರು ಫೈಲಿನ ಜೊತೆ ಫಾಂಟಿನ ಹೆಸರನ್ನೂ ಬರೆದಿಡಿ. ಮುಂದಿನ ಸಿಸ್ಟಮ್‌ನಲ್ಲಿ ಅದು ಕನ್ನಡ ಅಕ್ಷರದಲ್ಲಿ ತೆರೆದುಕೊಂಡಾಗ, ಮೂಲದಲ್ಲಿ ಏನಿತ್ತು ಅಂತ ಗೊತ್ತಾಗೋಕೆ ಆ ಹೆಸರು ಬೇಕಾಗುತ್ತೆ.