ಕುದುರೆ ಭಾಷೆ ಕಲಿಯಲು ಹೊರಟ ಡಾಕ್ಟ್ರ ಕಥೆ

ಕಳೆದ ಮಳೆಗಾಲದ ಒಂದು ಭಾನುವಾರ ಅಕ್ಕ-ಭಾವ ಯಾವುದೋ ಮದುವೆಗೆ ಹೋಗಿದ್ದರು. ಅವರ ಏಳು ವರ್ಷದ ಮಗಳು ನನ್ನ ಸುಪರ್ದಿಗೆ ಬಂದಿದ್ದಳು. "ಪ್ರಾಣಿ ಇರೋ ಪಿಕ್ಚರ್ ಹಾಕು ಮಾಮ" ಅಂದಳು. ನಾನು 1967ರ 'ಡಾಕ್ಟರ್ ಡೂಲಿಟಲ್' ಹಾಕಿದೆ. ಎರಡೂವರೆ ಗಂಟೆಯ ಹಾಡುಗಬ್ಬದಂಥ ಸಿನಿಮಾ. ಈಗಿನ ಮಕ್ಕಳು ಇದನ್ನೆಲ್ಲಿ ನೋಡ್ತಾರೆ ಅಂದುಕೊಂಡೆ. ಆದರೆ ಡಾಕ್ಟ್ರು ಜಡ್ಜ್ ಸಾಹೇಬರ ನಾಯಿಯನ್ನೇ ಸಾಕ್ಷಿಗೆ ಕರೆದು, ತನಗೆ ಪ್ರಾಣಿಗಳ ಭಾಷೆ ಬರುತ್ತೆ ಅಂತ ತೋರಿಸುವ ಕೋರ್ಟ್ ದೃಶ್ಯಕ್ಕೆ ಎದ್ದು ಕೂತಳು. ಗುಲಾಬಿ ಬಣ್ಣದ ದೈತ್ಯ ಬಸವನಹುಳು ಬರುವ ಹೊತ್ತಿಗೆ ನಿದ್ದೆ ಹೋಗಿದ್ದಳು. ನಾನು ಒಬ್ಬನೇ ಕೊನೆವರೆಗೆ ನೋಡಿದೆ.

ಆಮೇಲೆ ಸುಮ್ಮನೆ ಇರಲಾಗಲಿಲ್ಲ, ಈ ಡಾಕ್ಟ್ರು ಎಲ್ಲಿಂದ ಬಂದ ಅಂತ ಹುಡುಕತೊಡಗಿದೆ. ಸಿಕ್ಕಿದ್ದು ಮಕ್ಕಳ ಕಥೆಯಷ್ಟೇ ಅಲ್ಲ.

ಹ್ಯೂ ಲಾಫ್ಟಿಂಗ್ ಹುಟ್ಟಿದ್ದು 1886ರಲ್ಲಿ, ಇಂಗ್ಲೆಂಡಿನ ಮೇಡನ್‌ಹೆಡ್ ಎಂಬ ಊರಲ್ಲಿ. ವೃತ್ತಿಯಲ್ಲಿ ಸಿವಿಲ್ ಎಂಜಿನಿಯರ್. ಪಶ್ಚಿಮ ಆಫ್ರಿಕಾದಲ್ಲೂ ಕ್ಯೂಬಾದಲ್ಲೂ ರೈಲ್ವೆ ಕೆಲಸ ಮಾಡಿ, ಕೊನೆಗೆ ಎಂಜಿನಿಯರಿಂಗ್ ಬಿಟ್ಟು ಬರೆಯಲು ಕೂತ ಮನುಷ್ಯ. (ಕೆಲಸ ಬಿಟ್ಟು ಬರೀತೀನಿ ಅಂತ ವರ್ಷಕ್ಕೊಮ್ಮೆ ಹೇಳುವ ನನ್ನ ಟೀಮಿನ ಹುಡುಗರು ಗಮನಿಸಬೇಕು.) ನ್ಯೂಯಾರ್ಕಿನಲ್ಲಿ ಸಂಸಾರ ಹೂಡಿದ್ದ. ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಐರಿಷ್ ಗಾರ್ಡ್ಸ್ ಪಡೆ ಸೇರಿ ಫ್ಲಾಂಡರ್ಸ್‌ನ ಕೆಸರು ಕಂದಕಗಳಿಗೆ ಹೋದ.

ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು. ಅಪ್ಪ ಚಿತ್ರ ಬಿಡಿಸಿ ಪತ್ರ ಬರೀಬೇಕು ಅಂತ ಅವರ ಹಟ. ಕಂದಕದಲ್ಲಿ ಕೂತು ಮಕ್ಕಳಿಗೆ ಏನು ಬರೆಯೋದು? ಕಣ್ಣಿಗೆ ಬೀಳುತ್ತಿದ್ದದ್ದನ್ನು ಬರೆಯುವಂತಿರಲಿಲ್ಲ. ಆದರೆ ಒಂದು ಸಂಗತಿ ಅವನನ್ನು ಬಿಡದೆ ಕಾಡಿತು: ಯುದ್ಧದಲ್ಲಿ ದುಡಿಯುತ್ತಿದ್ದ ಕುದುರೆ, ಹೇಸರಗತ್ತೆಗಳು. ಸೈನಿಕನ ಜೊತೆಗೇ ಅವೂ ಗುಂಡಿಗೆ ಎದೆಯೊಡ್ಡುತ್ತಿದ್ದವು. ಸೈನಿಕ ತೀವ್ರವಾಗಿ ಗಾಯಗೊಂಡರೆ ಅವನಿಗೆ ಸ್ಟ್ರೆಚರ್, ಆಸ್ಪತ್ರೆ, ಸರ್ಜರಿ. ಕುದುರೆ ಅದೇ ರೀತಿ ಗಾಯಗೊಂಡರೆ ಒಂದು ಗುಂಡು. ಸೈನ್ಯದಲ್ಲಿ ಪಶುವೈದ್ಯರಿರಲಿಲ್ಲ ಅಂತಲ್ಲ, ಇದ್ದರು. ಆದರೂ ಆ ಯುದ್ಧದಲ್ಲಿ ಬ್ರಿಟಿಷ್ ಸೈನ್ಯ ಕಳೆದುಕೊಂಡ ಕುದುರೆ, ಹೇಸರಗತ್ತೆ, ಒಂಟೆ, ಎತ್ತುಗಳ ಲೆಕ್ಕ 4 ಲಕ್ಷ 80 ಸಾವಿರ ದಾಟುತ್ತದೆ.

ಇದು ಅನ್ಯಾಯ ಅಂತ ಲಾಫ್ಟಿಂಗ್‌ಗೆ ಅನ್ನಿಸಿತು. ಮುಂದಿನ ಯೋಚನೆ ಇನ್ನೂ ಸ್ವಾರಸ್ಯದ್ದು. ಕುದುರೆಗೆ ಮನುಷ್ಯರಂತೆಯೇ ಚಿಕಿತ್ಸೆ ಕೊಡಬೇಕಾದರೆ ಎಲ್ಲಿ ನೋವು ಅಂತ ಅದನ್ನು ಕೇಳಲು ಬರಬೇಕು, ಅಂದರೆ ಡಾಕ್ಟರಿಗೆ ಕುದುರೆಯ ಭಾಷೆ ಗೊತ್ತಿರಬೇಕು. ಪಡಲ್‌ಬಿ ಎಂಬ ಊರಿನ ಜಾನ್ ಡೂಲಿಟಲ್ ಹುಟ್ಟಿದ್ದು ಹೀಗೆ.

ಪಂಚತಂತ್ರದಲ್ಲಿ ನರಿ, ಸಿಂಹ ಎಲ್ಲವೂ ಮನುಷ್ಯರ ಮಾತೇ ಆಡುತ್ತವೆ, ನಾವು ಕೂತು ಕೇಳಿದರೆ ಸಾಕು. ಲಾಫ್ಟಿಂಗ್ ಇದನ್ನು ತಿರುಗಿಸಿಬಿಟ್ಟ. ಇಲ್ಲಿ ಪಾಠಕ್ಕೆ ಕೂರಬೇಕಾದವನು ಮನುಷ್ಯ, ಮೇಷ್ಟ್ರು ಒಂದು ಗಿಳಿ. 1920ರಲ್ಲಿ ಮೊದಲ ಪುಸ್ತಕ ಬಂತು. 1922ರ ಎರಡನೇ ಪುಸ್ತಕಕ್ಕೆ ಮರುವರ್ಷವೇ ಅಮೆರಿಕದ ಮಕ್ಕಳ ಸಾಹಿತ್ಯದ ದೊಡ್ಡ ಪ್ರಶಸ್ತಿ ನ್ಯೂಬೆರಿ ಪದಕ ಸಿಕ್ಕಿತು.

ಈಗ ಸಿನಿಮಾಗೆ ಬರೋಣ. 1965ರಲ್ಲಿ 'ದ ಸೌಂಡ್ ಆಫ್ ಮ್ಯೂಸಿಕ್' ಸಿಕ್ಕಾಪಟ್ಟೆ ದುಡ್ಡು ಮಾಡಿದ ಮೇಲೆ ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ಗೆ ಇನ್ನೊಂದು ಫ್ಯಾಮಿಲಿ ಮ್ಯೂಸಿಕಲ್ ಬೇಕಿತ್ತು. ನಿರ್ಮಾಪಕ ಆರ್ಥರ್ ಜೇಕಬ್ಸ್, ನಿರ್ದೇಶಕ ರಿಚರ್ಡ್ ಫ್ಲೈಷರ್, ಡಾಕ್ಟ್ರ ಪಾತ್ರಕ್ಕೆ ರೆಕ್ಸ್ ಹ್ಯಾರಿಸನ್, ಕಥೆ-ಹಾಡು-ಸಂಗೀತ ಮೂರಕ್ಕೂ ಲೆಸ್ಲಿ ಬ್ರಿಕಸ್. 60 ಲಕ್ಷ ಡಾಲರಿಗೆ ಅಂದುಕೊಂಡ ಬಜೆಟ್ಟು 1 ಕೋಟಿ 70 ಲಕ್ಷಕ್ಕೆ ಹೋಗಿ ನಿಂತಿತು. ಪ್ರಾಜೆಕ್ಟ್ ಎಸ್ಟಿಮೇಟ್ ತಪ್ಪಿದಾಗ ಏನಾಗುತ್ತೆ ಅಂತ ಗೊತ್ತಿರುವವರಿಗೆ ಇದನ್ನು ವಿವರಿಸಬೇಕಿಲ್ಲ.

ಹಾಲಿವುಡ್ಡಿನಲ್ಲಿ ತರಬೇತಿ ಕೊಟ್ಟ ಪ್ರಾಣಿಗಳಿಗೆ ಬ್ರಿಟನ್ನಿನ ಕ್ವಾರಂಟೈನ್ ಕಾನೂನು ಅಡ್ಡ ಬಂತು. ಅಲ್ಲಿ ಬೇರೆಯೇ ಪ್ರಾಣಿಗಳನ್ನು ತಂದು ಮೊದಲಿಂದ ಕಲಿಸಬೇಕಾಯಿತು. ಹ್ಯಾರಿಸನ್‌ನನ್ನು ಅವು ಕಚ್ಚಿದವು. ಸೆಟ್ಟಿನಲ್ಲಿದ್ದ ಗಿಳಿಯೊಂದು "ಕಟ್" ಅನ್ನೋದು ಕಲಿತು, ಶಾಟ್ ಮಧ್ಯದಲ್ಲೇ ಕೂಗಿ ಹ್ಯಾರಿಸನ್‌ನನ್ನು ನಿಲ್ಲಿಸಿತು ಅಂತ ಒಂದು ಕಥೆಯಿದೆ. ಇಡೀ ಸಿನಿಮಾದಲ್ಲಿ ಮನುಷ್ಯರ ಜೊತೆ ನಿಜವಾಗಿ ಮಾತಾಡಿದ ಪ್ರಾಣಿ ಅದೊಂದೇ ಇರಬೇಕು.

ಇಷ್ಟು ಹೊತ್ತು ನಗುತ್ತಾ ಓದುತ್ತಿದ್ದೆ. ಆದರೆ ಒಂದು ಕಡೆ ನಿಂತೆ. ಪಡಲ್‌ಬಿಗಾಗಿ ಆರಿಸಿದ್ದು ವಿಲ್ಟ್‌ಶೈರಿನ ಕಾಸಲ್ ಕೂಂಬ್ ಎಂಬ ಹಳ್ಳಿ. 1966ರ ಬೇಸಿಗೆಯಲ್ಲಿ ಚಿತ್ರತಂಡ ಅಲ್ಲಿಗೆ ಬಂದು ಮನೆಗಳ ಮೇಲಿನ ಟಿವಿ ಆಂಟೆನಾ ತೆಗೆಸಿತು, ಊರಿನ ತೊರೆಗೆ ಒಡ್ಡು ಕಟ್ಟಿಸಿತು. ಊರಿನ ಅನೇಕರಿಗೆ ಇದು ಹಿಡಿಸಲಿಲ್ಲ. ಸಿಟ್ಟಿಗೆದ್ದ 22 ವರ್ಷದ ಸೈನ್ಯಾಧಿಕಾರಿಯೊಬ್ಬ ಸೈನ್ಯದ್ದೇ ಸ್ಫೋಟಕ ತಂದು ಆ ಒಡ್ಡನ್ನು ಉಡಾಯಿಸಲು ಹೊರಟು ಸಿಕ್ಕಿಬಿದ್ದ. ದಂಡ ತೆತ್ತ, ಎಸ್‌ಎಎಸ್ ಪಡೆಯಿಂದ ಹೊರಬಿದ್ದ. ಅವನೇ ಮುಂದೆ ಧ್ರುವಯಾತ್ರೆಗಳಿಂದ ಹೆಸರಾದ ರಾನಲ್ಫ್ ಫೈನ್ಸ್. ಅಷ್ಟೆಲ್ಲ ಆದಮೇಲೂ ಮಳೆ ಬಿಡಲಿಲ್ಲ, ತಂಡ ಗಂಟುಮೂಟೆ ಕಟ್ಟಿತು. ಕೆರಿಬಿಯನ್ನಿನ ಸೇಂಟ್ ಲೂಷಿಯಾ ದ್ವೀಪದಲ್ಲಿ ಆ ದೈತ್ಯ ಬಸವನಹುಳುವನ್ನು ನೀರಿಗಿಳಿಸಿದಾಗ ಅಲ್ಲಿನ ಜನ ಅದಕ್ಕೆ ಕಲ್ಲು ತೂರಿದರು. ಯಾಕೆ ಗೊತ್ತಾ? ಸಿಹಿನೀರಿನ ಬಸವನಹುಳುಗಳಿಂದ ಹರಡಿದ ಕಾಯಿಲೆಯಲ್ಲಿ ಅವರ ಮಕ್ಕಳು ನರಳಿದ್ದರು. ಒಂದು ಮಾತು ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು.

ಪ್ರಾಣಿಗಳ ಮಾತು ಕೇಳಿ ಅಂತ ಹಾಡುವ ಸಿನಿಮಾದವರಿಗೆ ಎದುರಿಗಿದ್ದ ಮನುಷ್ಯರ ಮಾತು ಕೇಳಿಸಲಿಲ್ಲ. ಇದು ಸಿನಿಮಾದವರ ದೋಷ ಮಾತ್ರ ಅಂದುಕೊಂಡಿದ್ದೆ, ಮೂಲ ಪುಸ್ತಕ ಓದುವವರೆಗೆ.

ಹಳೆಯ ಪ್ರತಿಯೊಂದು ಕೈಗೆ ಸಿಕ್ಕಿತ್ತು. ಮಲಗುವ ಹೊತ್ತಿಗೆ ಪುಟ್ಟಿಗೆ ಕನ್ನಡದಲ್ಲಿ ಹೇಳುತ್ತಾ ಓದುತ್ತಿದ್ದೆ. ಗಿಳಿ, ಕೋತಿ, ಮೊಸಳೆ ಎಲ್ಲ ಆಯಿತು. ಆಫ್ರಿಕಾದ ರಾಜಕುಮಾರ ಬಂಪೋ ಬಂದ. ಅವನಿಗೆ ಕಥೆಗಳ ರಾಜಕುಮಾರರಂತೆ ಬೆಳ್ಳಗಾಗಬೇಕಂತೆ. ಡಾಕ್ಟ್ರು ಔಷಧಿ ಕಲಸಿ ಅವನ ಮುಖ ಬಿಳಿ ಮಾಡುತ್ತಾರೆ, ಅದಕ್ಕೆ ಬದಲಾಗಿ ಸೆರೆಯಿಂದ ತಪ್ಪಿಸಿಕೊಳ್ಳುತ್ತಾರೆ. ನಾನು ವಾಕ್ಯದ ಮಧ್ಯೆ ನಿಂತುಬಿಟ್ಟೆ.

"ಅವನಿಗ್ಯಾಕೆ ಬೆಳ್ಳಗಾಗ್ಬೇಕು ಮಾಮ?"

ನಮ್ಮ ಪುಟ್ಟಿ ಕಪ್ಪು. ಮದುವೆಮನೆಗಳಲ್ಲಿ ಅವಳ ಗಲ್ಲ ಹಿಡಿದು, "ಕಡ್ಲೆಹಿಟ್ಟು ಹಚ್ಚೇ, ಸರಿಹೋಗುತ್ತೆ" ಅನ್ನುವ ಅತ್ತೆಯಂದಿರಿದ್ದಾರೆ. ಅವಳು ಕೇಳಿದ್ದು ಬಂಪೋ ಬಗ್ಗೆ ಮಾತ್ರವಾ ಅಂತ ನನಗೆ ಗೊತ್ತಾಗಲಿಲ್ಲ. "ನಾಳೆ ಓದೋಣ" ಅಂತ ಲೈಟ್ ಆರಿಸಿದೆ.

ಮೂಕಪ್ರಾಣಿಯ ನೋವು ಕಂದಕದಲ್ಲಿ ಕೂತು ಕೇಳಿಸಿಕೊಂಡ ಅದೇ ಮನುಷ್ಯ ಬರೆದದ್ದು ಇದು. ಅವನು ಆಫ್ರಿಕಾದಲ್ಲಿ ಕೆಲಸ ಮಾಡಿ ಬಂದವನು, ನೆನಪಿರಲಿ. ಕಾಲ ಹಾಗಿತ್ತು ಅಂತ ಸುಲಭವಾಗಿ ಹೇಳಬಹುದು. ಆದರೆ ಕುದುರೆಗೆ ಗುಂಡಿಕ್ಕುವುದೂ ಆ ಕಾಲದ ರೂಢಿಯೇ, ಅದನ್ನು ಅವನು ಒಪ್ಪಲಿಲ್ಲವಲ್ಲ? 1968ರಲ್ಲಿ ನ್ಯೂಯಾರ್ಕಿನ ಗ್ರಂಥಪಾಲಕಿ ಇಸಬೆಲ್ ಸೂಲ್ ಈ ಪುಸ್ತಕಗಳ ವರ್ಣಭೇದದ ಬಗ್ಗೆ ನೇರವಾಗಿ ಬರೆದರು. ಇಪ್ಪತ್ತು ವರ್ಷದ ನಂತರ, 1988ರಲ್ಲಿ, ಲಾಫ್ಟಿಂಗ್ ಮಗ ಕ್ರಿಸ್ಟಫರ್ ಒಪ್ಪಿಗೆಯ ಮೇಲೆ ಬಂದ ತಿದ್ದಿದ ಆವೃತ್ತಿಯಲ್ಲಿ ಮುಖ ಬಿಳಿ ಮಾಡುವ ಪ್ರಸಂಗ ಇಲ್ಲ.

ಸಿನಿಮಾದವರಿಗೂ ಈ ತೊಡಕು ಗೊತ್ತಿತ್ತು. ಬಂಪೋ ಪಾತ್ರವನ್ನು ಗೌರವದಿಂದ ಮರುರೂಪಿಸಲು ಮೊದಲು ಹಾಡುಗಾರ, ನಟ ಸ್ಯಾಮಿ ಡೇವಿಸ್ ಜೂನಿಯರ್ ಅವರನ್ನು ಗೊತ್ತು ಮಾಡಿದರು. ಆಮೇಲೆ ಅವರನ್ನು ಬಿಟ್ಟು ಸಿಡ್ನಿ ಪಾಟಿಯೇ ಅವರನ್ನು ಹಿಡಿದರು. ಖರ್ಚು ಏರಿದಾಗ ಪಾತ್ರವನ್ನೇ ಕತ್ತರಿಸಿದರು. ಕೊನೆಗೆ ಉಳಿದದ್ದು ಟ್ರಿನಿಡಾಡಿನ ಜೆಫ್ರಿ ಹೋಲ್ಡರ್ ಮಾಡಿದ ದ್ವೀಪದ ನಾಯಕನ ಚಿಕ್ಕ ಪಾತ್ರ.

1967ರ ಡಿಸೆಂಬರಿನಲ್ಲಿ ಸಿನಿಮಾ ಬಂತು, ನೆಲಕಚ್ಚಿತು. ಆದರೂ ಸ್ಟುಡಿಯೋ ಅಕಾಡೆಮಿ ಸದಸ್ಯರಿಗೆ ಊಟ-ಶಾಂಪೇನ್ ಸಮೇತ ಪ್ರದರ್ಶನ ಏರ್ಪಡಿಸಿ, ಅತ್ಯುತ್ತಮ ಚಿತ್ರವೂ ಸೇರಿದಂತೆ 9 ಆಸ್ಕರ್ ನಾಮನಿರ್ದೇಶನ ಗಿಟ್ಟಿಸಿತು. ತಮಾಷೆ ನೋಡಿ: ಅದರ ಜೊತೆ ಕಣದಲ್ಲಿದ್ದ ನಾಲ್ಕು ಚಿತ್ರಗಳಲ್ಲಿ ಎರಡರ ನಾಯಕ ಇದೇ ಪಾಟಿಯೇ. ಗೆದ್ದದ್ದೂ ಅವರದೇ 'ಇನ್ ದ ಹೀಟ್ ಆಫ್ ದ ನೈಟ್'.

ಆಸ್ಕರ್ ಸಮಾರಂಭ 1968ರ ಏಪ್ರಿಲ್ 8ಕ್ಕೆ ನಿಗದಿಯಾಗಿತ್ತು. ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಯಿತು. ಅಂತ್ಯಕ್ರಿಯೆ 9ಕ್ಕೆ. ಅದಕ್ಕೆ ಮೊದಲು ಸಮಾರಂಭ ನಡೆಸಿದರೆ ನಾವು ಬರಲ್ಲ ಅಂದವರಲ್ಲಿ ಸ್ಯಾಮಿ ಡೇವಿಸ್, ಪಾಟಿಯೇ ಇಬ್ಬರೂ ಇದ್ದರು. ಅಕಾಡೆಮಿ ಎರಡು ದಿನ ಮುಂದೂಡಿತು. 10ರ ರಾತ್ರಿ ವೇದಿಕೆಗೆ ಬಂದು 'ಟಾಕ್ ಟು ದ ಆನಿಮಲ್ಸ್' ಹಾಡಿದವರು ಸ್ಯಾಮಿ ಡೇವಿಸ್. ಅದಕ್ಕೇ ಅತ್ಯುತ್ತಮ ಹಾಡಿನ ಪ್ರಶಸ್ತಿ ಬಂತು. ಬ್ರಿಕಸ್ ಬಂದಿರಲಿಲ್ಲ, ಅವರ ಪರವಾಗಿ ಅದನ್ನು ಸ್ವೀಕರಿಸಿದವರೂ ಸ್ಯಾಮಿಯೇ. ಸಿನಿಮಾದೊಳಗೆ ಜಾಗ ಸಿಗದವನು ಆ ಸಿನಿಮಾದ ಪ್ರಶಸ್ತಿ ಕೈಯಲ್ಲಿ ಹಿಡಿದು ನಿಂತಿದ್ದ.

ಮರುದಿನ ರಾತ್ರಿ ಪುಟ್ಟಿ ಪುಸ್ತಕ ತಂದು ಮಡಿಲಿಗೆ ಹಾಕಿದಳು. ಆ ಪುಟಗಳನ್ನು ಹಾರಿಸಿಬಿಡಬಹುದಿತ್ತು, ಅವಳಿಗೆ ಗೊತ್ತಾಗುತ್ತಿರಲಿಲ್ಲ. ಹಾರಿಸಲಿಲ್ಲ. ಓದಿದೆ. "ಇದನ್ನ ಬರೆದೋರು ಇಲ್ಲಿ ತಪ್ಪು ಮಾಡಿದ್ದಾರೆ" ಅಂದೆ. ಕುದುರೆಗಳ ವಿಷಯ ಹೇಳಿದೆ, ಸ್ಯಾಮಿ ಡೇವಿಸ್ ವಿಷಯವನ್ನೂ ನನಗೆ ಬಂದ ಹಾಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮದ್ವೆಲಿ ನಂಗೂ ಹಾಗೇ ಅಂತಾರೆ" ಅಂದಳು.

ಈ ಮಾತು ಅವಳು ಮನೆಯಲ್ಲಿ ಅದುವರೆಗೆ ಯಾರ ಹತ್ತಿರವೂ ಹೇಳಿರಲಿಲ್ಲ. ಅಂದು ಪುಸ್ತಕ ಮುಚ್ಚಿಟ್ಟು, ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡೆ.