ಗರಸು ನೆಲದಲ್ಲಿ ಕಾಡು ಬಂದ ಕತೆ

ಚೆನ್ನೈನಲ್ಲಿರೋ ನಾವು ಬಹಳ ಜನ ವೀಕೆಂಡ್ ಬಂತು ಅಂದ್ರೆ ಈಸಿಆರ್ ಹಿಡಿದು ಪಾಂಡಿಚೇರಿಗೆ ಹೋಗ್ತೀವಿ, ಹಾಗೇ ಆರೋವಿಲ್‌ಗೂ. ಅಲ್ಲಿಯ ದಟ್ಟ ನೆರಳು ನೋಡಿ, ಇದು ಮೊದಲಿಂದಲೂ ಇದ್ದ ಕಾಡು ಅಂದ್ಕೊಳ್ತೀವಿ. ಅಲ್ಲ.

1968ರ ಫೆಬ್ರವರಿ 28ರಂದು ಆರೋವಿಲ್ ಉದ್ಘಾಟನೆಯಾದಾಗ ಅಲ್ಲಿದ್ದದ್ದು ಕೆಂಪು ಬಯಲು, ಅಲ್ಲೊಂದು ಇಲ್ಲೊಂದು ತಾಳೆಮರ. ಹಳೆಯ ಕಾಡನ್ನು ಜನ ಕಡಿದಿದ್ದರು, ಚಿಗುರಿದ್ದನ್ನು ದನ-ಮೇಕೆ ಮೇಯ್ದಿದ್ದವು. ಮೇಲ್ಮಣ್ಣು ಮಳೆಯಲ್ಲಿ ಕೊಚ್ಚಿ ಸಮುದ್ರ ಸೇರಿ, ಅಡಿಯ ಜಂಬಿಟ್ಟಿಗೆ ಗರಸು ಮೇಲೆದ್ದಿತ್ತು. ಅಂಥ ಬೋಳು ನೆಲದಲ್ಲಿ ಮಳೆನೀರು ಇಂಗಲ್ಲ, ಓಡುತ್ತೆ.

ಹಾಗಾಗಿ ಮೊದಲು ಹಿಡಿಯಬೇಕಾದದ್ದು ನೀರನ್ನು. ಇಳಿಜಾರಿಗೆ ಅಡ್ಡವಾಗಿ ಬದು ಹಾಕಿದರು, ಕೊರಕಲುಗಳಿಗೆ ಒಡ್ಡು ಕಟ್ಟಿದರು. ಜೊತೆಗೆ ಆಸ್ಟ್ರೇಲಿಯಾ ಮೂಲದ ಅಕೇಶಿಯಾ ನೆಟ್ಟರು. ಅದು ಬೇಗ ಬೆಳೆಯುತ್ತೆ, ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿಯುತ್ತೆ, ತರಗು ಉದುರಿಸುತ್ತೆ. ಅಲ್ಲಿಯವರು ಅದನ್ನು ‘ವರ್ಕ್ ಟ್ರೀ’ ಅಂತಲೇ ಕರೆದರು.

ನಾವಾಗಿದ್ರೆ ಅಲ್ಲಿಗೆ ಟಿಕೆಟ್ ಕ್ಲೋಸ್ ಮಾಡ್ತಿದ್ವಿ. ಹಸಿರು ಬಂತಲ್ಲ! ಆದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಆ ಕರಾವಳಿಯ ಮೂಲ ಕಾಡು, ಅಂದರೆ ಒಣ ನಿತ್ಯಹರಿದ್ವರ್ಣ ಕಾಡು, ಸುತ್ತಲಿನ ಹಳ್ಳಿಗಳ ದೇವರಕಾಡುಗಳಲ್ಲಿ ಚೂರುಪಾರು ಉಳಿದಿತ್ತು. ದೇವರ ಭಯಕ್ಕೆ ಜನ ಅಲ್ಲಿ ಕೊಡಲಿ ಎತ್ತಿರಲಿಲ್ಲ. ಅಲ್ಲಿಂದ ಬೀಜ ತಂದು, ನರ್ಸರಿಯಲ್ಲಿ ಸಸಿ ಎಬ್ಬಿಸಿ, ಅಕೇಶಿಯಾ ನೆರಳಲ್ಲಿ ನೆಟ್ಟರು. ಎಬೊನಿ, ನೇರಳೆಯಂಥ ಮರಗಳ ಜೊತೆಗೆ ಪೊದೆ, ಬಳ್ಳಿ ಎಲ್ಲವೂ ಬಂದವು. ಇವು ನಿಧಾನಕ್ಕೆ ಬೆಳೆಯೋವು, ವರ್ಷಗಟ್ಟಲೆ ಕಣ್ಣಿಗೇ ಕಾಣೋದಿಲ್ಲ.

2011ರ ಡಿಸೆಂಬರ್ 30ರ ಬೆಳಗಿನ ಜಾವ ಥಾಣೆ ಚಂಡಮಾರುತ ಕಡಲೂರು-ಪುದುಚೇರಿ ಮಧ್ಯೆ ದಡಕ್ಕೆ ಅಪ್ಪಳಿಸಿತು. ಬೇರು ಆಳಕ್ಕಿಳಿಯದ ಅಕೇಶಿಯಾಗಳು ಮುರಿದು ಉರುಳಿದವು. ನಿಧಾನಕ್ಕೆ ಬೆಳೆದಿದ್ದ ಸ್ಥಳೀಯ ಮರಗಳು ಹೆಚ್ಚಾಗಿ ನಿಂತವು. ಒಂದೇ ಜಾತಿಯ ಮರ ನೆಚ್ಚಿಕೊಂಡಿದ್ದರೆ ಬೆಳಗಾಗುವಷ್ಟರಲ್ಲಿ ಮತ್ತೆ ಬಯಲು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ನಮ್ಮ ಉತ್ತರ ಕನ್ನಡ, ಶಿವಮೊಗ್ಗ ಕಡೆಯ ಬೋಳು ಗುಡ್ಡಗಳಲ್ಲೂ ಇದೇ ಅಕೇಶಿಯಾ ಇದೆ. ಬಹಳ ಕಡೆ ಅದೊಂದೇ. ಮುಂದಿನ ಸಲ ಊರಿಗೆ ಹೋದಾಗ ಆ ನೆಡುತೋಪಿನೊಳಗೆ ನಾಲ್ಕು ಹೆಜ್ಜೆ ಹೋಗಿ, ತಲೆ ಎತ್ತಬೇಡಿ, ಕೆಳಗೆ ನೋಡಿ. ನೇರಳೆ, ಹೊನ್ನೆ, ಮತ್ತಿ ಸಸಿ ಏಳ್ತಾ ಇದ್ರೆ ಅಲ್ಲಿ ಕಾಡು ಶುರುವಾಗಿದೆ. ಬರೀ ತರಗೆಲೆಯಿದ್ದರೆ, ಕೆಲಸ ಇನ್ನೂ ಅರ್ಧದಲ್ಲೇ ನಿಂತಿದೆ.